ಸಿಸ್ಟರ್ ಮಾವಶಿಯ ಪುರಾಣ ಶ್ರವಣ

ಸಿಸ್ಟರ್ ಮಾವಶಿಗೆ ಪಿಸುಗುಟ್ಟಲು ಬರುತ್ತಿರಲಿಲ್ಲ. ಬರುತ್ತದೆ ಎಂದು ಅವರು ನಂಬಿದ್ದರು, ತೊಂದರೆ ಆಗುತ್ತಿದ್ದದ್ದೇ ಅಲ್ಲಿ. ಬಾಯಿಗೆ ಸೆರಗು ಅಡ್ಡ ಹಿಡಿದು, ಪಕ್ಕದವರ ಕಿವಿಯ ಹತ್ತಿರ ಬಾಗಿ, ಗುಟ್ಟು ಹೇಳುವವರ ಸಿದ್ಧತೆಯನ್ನೆಲ್ಲ ಮಾಡಿಕೊಂಡು ಅವರು ಒಂದು ಮಾತಾಡಿದರೆ, ಅದು ಸಭಾಗೃಹದ ಕೊನೆಯಲ್ಲಿ ಚಪ್ಪಲಿ ಬಿಡುತ್ತ ನಿಂತವರಿಗೂ ಕೇಳುತ್ತಿತ್ತು. ಪುಣೆ ಕ್ಯಾಂಪಿನ ಕಡೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಜೀವಮಾನವಿಡೀ ನರ್ಸಾಗಿ ದುಡಿದು ನಿವೃತ್ತರಾದವರು ಅವರು. ವಾರ್ಡಿನ ಈ ತುದಿಯಲ್ಲಿ ನಿಂತು ಆ ತುದಿಯಲ್ಲಿ ಬೀಡಿ ಹಚ್ಚಲು ಹೊರಟ ರೋಗಿಯನ್ನು ತಡೆಯುತ್ತಿದ್ದ ಗಂಟಲು ಅದು. ಆ ಗಂಟಲಿಗೆ ಮೆಲ್ಲಗೆ ಎನ್ನುವುದು ಗೊತ್ತಿರಲಿಲ್ಲ.

ನಾನು ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದದ್ದು ತೊಂಬತ್ತರ ದಶಕದ ಮೊದಮೊದಲ ವರ್ಷಗಳಲ್ಲಿ. ಶಿವಾಜಿನಗರ ಸ್ಟೇಶನ್ನಿನ ಹಿಂದಿನ ಹಳೆಯ ಕಟ್ಟಡದಲ್ಲಿ ಎರಡನೆಯ ಮಾಳಿಗೆಯ ಮನೆ. ಎದುರು ಬಾಗಿಲು ಮಾವಶಿಯದು. ಹೆಸರು ಚಂದ್ರಾಬಾಯಿ, ಊರು ಹುಕ್ಕೇರಿ ಕಡೆ; ಮರಾಠಿಯಲ್ಲಿ ಮಾವಶಿ ಎಂದರೆ ಚಿಕ್ಕಮ್ಮ, ಓಣಿಗೆಲ್ಲ ಅವರು ಸಿಸ್ಟರ್ ಮಾವಶಿ. ಮದುವೆ ಮಾಡಿಕೊಂಡಿರಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, ಬಸ್ಸು ತಪ್ಪಿಸಿಕೊಂಡವರು ಹೇಳುವ ಹಾಗೆ, "ಡ್ಯೂಟಿ ಇತ್ತವಾ ಆವತ್ತು" ಎಂದುಬಿಡುತ್ತಿದ್ದರು. ನಾನು ಟ್ರಂಕು ಹಾಸಿಗೆಗಳ ಜೊತೆ ಮೆಟ್ಟಿಲು ಹತ್ತಿ ಬಂದ ದಿನ ಅವರು ಬಾಗಿಲಿಗೆ ಬಂದು, "ಬಾ ತಂಗಿ" ಎಂದು ಕೈ ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ. ಪರ ಊರಿನಲ್ಲಿ ಎಂಥ ಅಂತಃಕರಣದವರು ಸಿಕ್ಕರಪ್ಪಾ ಎಂದು ನನ್ನ ಕಣ್ಣು ತೇವವಾಗುವುದರಲ್ಲಿತ್ತು. ಆಗ ನೋಡಿದೆ, ಅವರ ಕಣ್ಣು ನಮ್ಮ ಗೋಡೆಯ ಗಡಿಯಾರದ ಮೇಲಿತ್ತು. ನಾಡಿ ಎಣಿಸುತ್ತಿದ್ದರು.

"ಜೋರು ಬಡೀಲಿಕ್ಕತ್ತದ. ಹೆದರೀಯೇನು? ಹೆದರಬ್ಯಾಡ. ಈ ಊರಿನ ಮಂದಿ ಮಾತಾಡಿದ್ರ ಬಯ್ದಂಗ ಕೇಳಿಸ್ತದ, ಬಯ್ಯೂದಿಲ್ಲ" ಎಂದರು. ಪುಣೆಯ ಬಗ್ಗೆ ನನಗೆ ಸಿಕ್ಕ ಮೊದಲ ತಿಳಿವಳಿಕೆ ಅದು. ಇವತ್ತಿಗೂ ಅದನ್ನು ತಿದ್ದುವ ಪ್ರಸಂಗ ಬಂದಿಲ್ಲ.

ನಮ್ಮ ಓಣಿಯ ಹತ್ತಿರ, ಧಾರವಾಡ, ಬೆಳಗಾವಿ ಕಡೆಯಿಂದ ಬಂದು ನೆಲೆಸಿದವರು ಸೇರಿ ಕಟ್ಟಿಕೊಂಡ ಒಂದು ಸಣ್ಣ ಸಭಾಗೃಹವಿತ್ತು. ಪ್ರತಿ ಚಾತುರ್ಮಾಸದಲ್ಲಿ ಅಲ್ಲಿ ಸಂಜೆ ಪುರಾಣ. ಹೇಳುತ್ತಿದ್ದವರು ಬಾಗಲಕೋಟೆ ಕಡೆಯ ಗುಂಡಾಚಾರ್ಯರು. ಹೆಸರಿಗೆ ಸ್ವಲ್ಪವೂ ಹೊಂದದ, ಕೋಲಿನಂಥ ಮನುಷ್ಯ. ಆದರೆ ಬಾಯಿ ತೆರೆದರೆ ಆನೆ, ಕುದುರೆ, ರಥಗಳೆಲ್ಲ ಆ ಎದೆಗೂಡಿನಿಂದಲೇ ಹೊರಡುತ್ತಿದ್ದವು. ಮಾವಶಿ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಬಿಳಿ ಸೀರೆ, ಕೈಯಲ್ಲೊಂದು ಛತ್ರಿ, ಮುಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ಒಂದು ಚಾಪೆ. ಅವರ ಪಕ್ಕದ ಜಾಗ ಯಾವಾಗಲೂ ಖಾಲಿ ಇರುತ್ತಿತ್ತು. ಯಾಕೆ ಎಂದು ತಿಳಿಯದೆ ನಾನು ಹೋಗಿ ಕುಳಿತೆ.

ಆ ವರ್ಷ ರಾಮಾಯಣ. ಲಕ್ಷ್ಮಣ ಮೂರ್ಛೆ ಹೋಗಿದ್ದಾನೆ, ವೈದ್ಯ ಮೂಲಿಕೆಯ ಹೆಸರು ಹೇಳಿದ್ದಾನೆ, ಹನುಮಂತ ಹಾರಿದ್ದಾನೆ. ಅಲ್ಲಿ ಹೋದ ಮೇಲೆ ಯಾವ ಮೂಲಿಕೆ ಎಂದು ಗುರುತು ಹತ್ತದೆ ಬೆಟ್ಟವನ್ನೇ ಕಿತ್ತು ಎತ್ತಿಕೊಂಡ ಎಂದು ಆಚಾರ್ಯರು ಎರಡೂ ಕೈ ಮೇಲೆತ್ತಿ ನಿಂತರು. ಸಭೆ ಜಯಕಾರ ಹಾಕುವುದರಲ್ಲಿತ್ತು. ಮಾವಶಿ ನನ್ನ ಕಿವಿಗೆ ಬಾಗಿದರು.

"ವಾರ್ಡ್‌ಬಾಯ್‌ಗೋಳು ಎಲ್ಲಾ ಕಾಲಕ್ಕೂ ಹಿಂಗೇ ನೋಡು. ಒಂದು ಹತ್ತಿ ಉಂಡಿ ತೊಗೊಂಬಾ ಅಂದ್ರ ಕಪಾಟೇ ಹೊತ್ಕೊಂಡು ಬರ್ತಾರ."

ಸಭೆಯೆಲ್ಲ ತಿರುಗಿ ನೋಡಿದ್ದು ನನ್ನನ್ನು. ಹೊಸ ಸೊಸೆ, ಹಸಿರು ಬಳೆ, ಮುಖ ಎಲ್ಲಿ ಮುಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಮಾವಶಿ ಮಾತ್ರ ಏನೂ ಆಗದವರ ಹಾಗೆ ಕೈ ಮುಗಿದು, ಕಣ್ಣು ಮುಚ್ಚಿ, ಎಲ್ಲರಿಗಿಂತ ಜೋರಾಗಿ ಹನುಮಂತನಿಗೆ ಜಯ ಎಂದರು.

ಅವರಿಗೆ ಭಕ್ತಿ ಕಡಿಮೆ ಇತ್ತೆಂದಲ್ಲ. ನಾನು ಬಹಳ ದಿನ ಅವರ ಪಕ್ಕ ಕುಳಿತ ಮೇಲೆ ತಿಳಿದದ್ದು, ಪುರಾಣದ ವೀರರನ್ನು ಅವರು ನಂಬಿದಷ್ಟು ಆ ಸಭೆಯಲ್ಲಿ ಬೇರೆ ಯಾರೂ ನಂಬಿರಲಿಲ್ಲ. ನಮಗೆ ಅವರೆಲ್ಲ ಕಥೆಯವರು. ಮಾವಶಿಗೆ ಮೈ ಇದ್ದವರು, ಚುಚ್ಚಿದರೆ ರಕ್ತ ಬರುವವರು. ಮರುವರ್ಷ ಭಾರತದ ಕಥೆಯಲ್ಲಿ ಕರ್ಣನ ತೊಡೆಯನ್ನು ಹುಳ ಕೊರೆಯುವಾಗ, ಗುರುವಿನ ನಿದ್ದೆ ಕೆಡದಿರಲೆಂದು ಅವನು ಅಲುಗಾಡದೆ ಕುಳಿತದ್ದನ್ನು ಕೇಳಿ ನಾವೆಲ್ಲ ತಲೆದೂಗಿದರೆ, ಅವರು ಮನೆಗೆ ಬರುವವರೆಗೂ ಗೊಣಗಿದ್ದರು. "ಆಮ್ಯಾಲೆ ಆ ಗಾಯ ತೊಳದ್ರೇನು ಯಾರರ? ಶಾಪ ಕೊಡ್ಲಿಕ್ಕೆ ಪುರುಸೊತ್ತು ಇತ್ತು ಗುರುಗಳಿಗೆ, ಪಟ್ಟಿ ಕಟ್ಟಲಿಕ್ಕೆ ಇರಲಿಲ್ಲ." ಏಕಲವ್ಯ ಬೆರಳು ಕೊಟ್ಟ ದಿನವಂತೂ ಅವರು ರಾತ್ರಿ ಊಟವನ್ನೇ ಮಾಡಲಿಲ್ಲ. ಬಲಗೈ ಹೆಬ್ಬೆರಳು ಹೋದರೆ ಅನ್ನ ಕಲಸುವುದು ಹೇಗೆ, ಗುಂಡಿ ಹಾಕಿಕೊಳ್ಳುವುದು ಹೇಗೆ ಎಂದು ನನಗೆ ತಮ್ಮ ಹೆಬ್ಬೆರಳು ಮಡಚಿ ತೋರಿಸಿದರು. ಏಕಲವ್ಯನ ಅಂಗಿಗೆ ಗುಂಡಿ ಇತ್ತೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ದೊಡ್ಡ ಜಗಳಕ್ಕೆ ಕಾರಣವಾದದ್ದು ಭೀಷ್ಮರು.

ಅದೇ ಭಾರತದ ಕಥೆ ನಡೆದಿತ್ತು. ಭೀಷ್ಮರು ಬಿದ್ದ ದಿನದ ಪುರಾಣಕ್ಕೆ ಕ್ಯಾಂಪಿನ ಒಬ್ಬರು ಶ್ರೀಮಂತ ವ್ಯಾಪಾರಿಗಳು, ತಮ್ಮ ತೀರಿಹೋದ ತಂದೆಯ ನೆನಪಿಗಾಗಿ, ಹೂವಿನ ಅಲಂಕಾರವನ್ನೂ ಪ್ರಸಾದವನ್ನೂ ಮಾಡಿಸಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಿದ್ದರು. ಆಚಾರ್ಯರ ಸ್ವರ ಅವತ್ತು ಬೇರೆಯೇ ಆಗಿತ್ತು. ಬಾಣಗಳ ಮೇಲೆ ಮಲಗಿದ ಆ ಮುದುಕರನ್ನು ಅವರು ವರ್ಣಿಸುತ್ತಿದ್ದರೆ ವ್ಯಾಪಾರಿಗಳ ಮನೆಯವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಆ ನಿಶ್ಶಬ್ದದಲ್ಲಿ ಮಾವಶಿಯ ಪಿಸುಮಾತು ಹೊರಟಿತು.

"ಹೊರಳಿಸಿ ಮಲಗ್ಸವ್ರು ಯಾರೂ ಇಲ್ಲೇನು? ಬೆನ್ನೆಲ್ಲಾ ಹುಣ್ಣಾಗ್ತದ."

ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಆಚಾರ್ಯರು ಕಣ್ಣು ತೆರೆದರು. "ಬಾಯೀರ, ಬಾಣದ ಮ್ಯಾಲೆ ಮಲಗಿದವರಿಗೆ ಹುಣ್ಣಿನ ಚಿಂತಿ ಯಾಕ ಬರ್ತದ್ರಿ?"

"ಅಷ್ಟು ದೊಡ್ಡ ಮನಷ್ಯಾರಿಗೆ ಡಾಕ್ಟರ್ ಬರ್ಲಿಲ್ಲೇನ್ರಿ?"

ಈ ಪ್ರಶ್ನೆಗೆ ಆಚಾರ್ಯರ ಹತ್ತಿರ ಉತ್ತರವಿತ್ತು. ಅದು ಇದೆಯಲ್ಲ ಎಂಬ ಸಂತೋಷದಲ್ಲೇ ಅವರು ಜಾರಿಬಿದ್ದರು. "ಬಂದಿದ್ರು! ಬಾಣ ಕೀಳೂದ್ರಾಗ ಪಳಗಿದ ವೈದ್ಯರನ್ನ ದುರ್ಯೋಧನ ಕರಕೊಂಡು ಬಂದಿದ್ದ. ಭೀಷ್ಮರೇ, ನನಗ ಬ್ಯಾಡ ಅಂತ ಹೇಳಿ, ಮರ್ಯಾದಿ ಮಾಡಿ ವಾಪಸ್ ಕಳಿಸಿದ್ರು."

ಮಾವಶಿ ಹಣೆ ಬಡಿದುಕೊಂಡರು. "ಅಂದ್ರ ಡಾಕ್ಟರ್ ಮಾತು ಕೇಳದೇ ತಾವೇ ಡಿಸ್ಚಾರ್ಜ್ ತೊಗೊಂಡ್ರು! ಇಂಥಾ ಪೇಶಂಟ್ ಭಾಳ ನೋಡೀನ್ರಿ ನಾ. ಸಹಿ ಮಾಡಿಸ್ಕೊಂಡ್ರಿಲ್ಲೋ ಅವರ ಕಡಿಂದ?"

ಸಭೆ ಒಡೆದುಹೋಯಿತು. ನಗು ನಿಲ್ಲಿಸಲು ಆಚಾರ್ಯರು ತಾಳ ಬಾರಿಸಿದರು, ಶ್ಲೋಕ ಹೇಳಿದರು, ಕೊನೆಗೆ ಅವರ ಹೊಟ್ಟೆಯೂ ಕುಣಿಯತೊಡಗಿ ಉತ್ತರೀಯ ಬಾಯಿಗೆ ಹಿಡಿದುಕೊಂಡರು. ನಗದೆ ಉಳಿದವರು ಇಬ್ಬರೇ. ಒಬ್ಬರು ಪ್ರಸಾದ ಮಾಡಿಸಿದ ವ್ಯಾಪಾರಿಗಳು. ಇನ್ನೊಬ್ಬರು ಮಾವಶಿ, ಅವರು ನಿಜವಾಗಿಯೂ ಸಹಿಯ ಬಗ್ಗೆ ಕೇಳಿದ್ದರು.

ಅದೇ ವಾರ ನಮ್ಮ ಮನೆಯವರಿಗೆ ಜ್ವರ ಬಂತು. "ಇಷ್ಟಕ್ಕೆಲ್ಲಾ ಡಾಕ್ಟರ್ ಯಾಕ, ತಡಕೋತೀನಿ" ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದರು. ಮಾವಶಿ ಥರ್ಮಾಮೀಟರ್ ಝಾಡಿಸುತ್ತ ಒಳಗೆ ಬಂದವರೇ, "ಏನ್ರಿ ಭೀಷ್ಮಾಚಾರ್ಯ್ರ, ಬಾಯಿ ತಗೀರಿ" ಎಂದರು. ಬಾಯಿ ತೆರೆಯಿತು. ಸಂಜೆಗೆ ಡಾಕ್ಟರೂ ಆಯಿತು, ಮಲೇರಿಯಾ ಎಂದು ಗೊತ್ತೂ ಆಯಿತು. ಅಂದಿನಿಂದ ಇಂದಿನವರೆಗೆ ನಮ್ಮ ಮನೆಯಲ್ಲಿ ಔಷಧ ಬೇಡವೆನ್ನುವವರಿಗೆಲ್ಲ ಅದೇ ಹೆಸರು.

ಇತ್ತ ವ್ಯಾಪಾರಿಗಳು ಸಮಿತಿಗೆ ಹೇಳಿ ಕಳಿಸಿದ್ದರು: ಆ ನರ್ಸ್ ಬಾಯಿಯನ್ನು ಇನ್ನು ಪುರಾಣಕ್ಕೆ ಕೂಡಿಸಬೇಡಿ. ಸಮಿತಿಯ ಅಧ್ಯಕ್ಷರು ಬಾಪೂರಾವ್ ಕಾಕಾ. ಕಾಗದ, ಪೆನ್ನುಗಳ ಅಂಗಡಿ ಇಟ್ಟುಕೊಂಡಿದ್ದ, ಗಿರಾಕಿಗೂ ಇಲ್ಲ ಎನ್ನಲಾರದ ಸಾಧು ಮನುಷ್ಯ. ಮಾವಶಿಗೆ ಈ ಮಾತು ತಿಳಿಸಲು ಅವರು ಕೊಡೆ ಹಿಡಿದು ಬಂದರು. ಬಾಗಿಲಲ್ಲಿ ನಿಂತು ಒಂದು ನಿಟ್ಟುಸಿರು ಬಿಟ್ಟರು. ಮಾವಶಿ ಅವರನ್ನು ಕುರ್ಚಿಯಲ್ಲಿ ಕೂಡಿಸಿ, ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. "ಏರ್ಯದ. ಉಪ್ಪಿನಕಾಯಿ ಬಂದ್" ಎಂದರು. ಕಾಕಾ "ಥ್ಯಾಂಕ್ಯೂ ಸಿಸ್ಟರ್" ಎಂದು ಇಳಿದುಹೋದರು. ಮರುದಿನ ಮತ್ತೆ ಬಂದರು. ಬಿಪಿ ಇನ್ನೂ ಏರಿತ್ತು. ಮೆಟ್ಟಿಲ ಮೇಲೆ ನನ್ನನ್ನು ತಡೆದು, "ನನ್ನ ಕೈಲಿ ಆಗೂದಿಲ್ಲವಾ. ಎದುರು ಮನಿಯಾಕಿ ನೀ, ನೀನೇ ಹೇಳಿಬಿಡು" ಎಂದು ಕೈ ಮುಗಿದರು.

ಹೇಳಿದೆ. ಹೇಗೆ ಹೇಳಿದೆನೋ, ನನಗೇ ನೆನಪಿಲ್ಲ. ಮಾವಶಿ ಅಕ್ಕಿ ಆರಿಸುತ್ತಿದ್ದರು. ಮೊರದಿಂದ ತಲೆ ಎತ್ತಲಿಲ್ಲ.

"ಇದಕ್ಕೇನು ಬಾಪೂರಾವಂದು ಬಿಪಿ ಏರಿದ್ದು? ಮೊದಲೇ ಹೇಳಿದ್ರ ಉಪ್ಪಿನಕಾಯಿ ಬಿಡಸ್ತಿದ್ದಿಲ್ಲ" ಎಂದರು. ಅಕ್ಕಿಯೊಳಗಿನ ಒಂದು ಕಲ್ಲು ಆರಿಸಿ ಎಸೆದು, "ನಾ ಅಷ್ಟು ಜೋರು ಮಾತಾಡ್ತೀನೇನು ಸುಧಾ?" ಎಂದು ಕೇಳಿದರು. ಅದೊಂದು ಸಲ ಮಾತ್ರ ಅವರ ದನಿ ನಿಜವಾಗಿಯೂ ಸಣ್ಣದಾಗಿತ್ತು.

ಮಾವಶಿ ಇಲ್ಲದ ಪುರಾಣ ಶಾಂತವಾಗಿ ನಡೆಯಿತು, ಬೇಕಾದ್ದಕ್ಕಿಂತ ಹೆಚ್ಚೇ ಶಾಂತವಾಗಿ. ಮೂರ್ನಾಲ್ಕು ಜನ ಕುಳಿತಲ್ಲೇ ನಿದ್ದೆ ಹೋದರು. ಭಗದತ್ತನೆಂಬ ಮುದುಕ ರಾಜನ ಕಥೆ ಬಂತು. ವಯಸ್ಸಾಗಿ ರೆಪ್ಪೆ ಜೋತುಬಿದ್ದು ಕಣ್ಣು ಮುಚ್ಚಿಕೊಳ್ಳುತ್ತಿತ್ತೆಂದು, ಹಣೆಗೆ ಬಟ್ಟೆ ಬಿಗಿದು ರೆಪ್ಪೆಗಳನ್ನು ಎತ್ತಿ ಕಟ್ಟಿಕೊಂಡು, ಆನೆ ಹತ್ತಿ ಯುದ್ಧಕ್ಕೆ ಬಂದವನು. ಇಷ್ಟು ಹೇಳಿ ಆಚಾರ್ಯರು ಮಾತು ನಿಲ್ಲಿಸಿದರು. ಕಂಬದ ಕಡೆ ನೋಡಿದರು. ಅಲ್ಲಿ ಬರೀ ಚಾಪೆ ಇತ್ತು. ಸ್ವಲ್ಪ ಕಾದು, ನೀರು ಕುಡಿದು, ಅರ್ಜುನ ಬಟ್ಟೆಯನ್ನು ಕತ್ತರಿಸಿದ್ದನ್ನು ಪಂಚಾಂಗ ಓದಿದಂತೆ ಓದಿ ಮುಗಿಸಿದರು. ಮಂಗಳಾರತಿ ಆದ ಮೇಲೆ ನನ್ನನ್ನು ಕರೆದು ಕೇಳಿದರು:

"ಆ ಬಾಯಾರ ಮನಿ ಎಷ್ಟನೇ ಮಾಳಿಗಿ?"

ಮರುದಿನ ಬೆಳಿಗ್ಗೆ ಅವರು ಬಂದರು. ಮಂಡಿನೋವಿನ ಮನುಷ್ಯ, ಪ್ರತಿ ಮೆಟ್ಟಿಲಿಗೂ ಒಬ್ಬೊಬ್ಬ ದೇವರ ಹೆಸರು ಹೇಳುತ್ತ ಹತ್ತಿದರು. ಮಾವಶಿ ಬಾಗಿಲು ತೆರೆದು, ಯಾರೆಂದು ನೋಡುವ ಮೊದಲು ಮಂಡಿ ನೋಡಿದರು. ಒಳಗೆ ಕೂಡಿಸಿ ಬಿಸಿನೀರಿನ ಚೀಲ ತಂದು ಕಾಲಿಗಿಟ್ಟರು. ನಾನೂ ಅವರ ಹಿಂದೆ ಹೋಗಿ, ಮಾವಶಿಯ ಅಡಿಗೆಮನೆಯಲ್ಲಿ ಚಹಾ ಮಾಡಲು ಒಲೆ ಹಚ್ಚಿದೆ.

"ನಿನ್ನೆ ಭಗದತ್ತನ ಕಥಿ ಹೇಳಿದೆ ಬಾಯೀರ" ಎಂದು ಆಚಾರ್ಯರು ಆ ಮುದುಕ ರಾಜನ ರೆಪ್ಪೆ, ಪಟ್ಟಿ, ಆನೆ ಎಲ್ಲವನ್ನೂ ಮತ್ತೆ ಹೇಳಿದರು. ಮಾವಶಿ ತಡೆದುಕೊಳ್ಳಲು ನೋಡಿದರು. ಆಗಲಿಲ್ಲ.

"ಅಂಥಾ ಕಣ್ಣು ಇಟ್ಕೊಂಡವನ್ನ ಯುದ್ಧಕ್ಕ ಫಿಟ್ ಅಂತ ಬರಕೊಟ್ಟವ್ರು ಯಾರ್ರಿ?"

ಆಚಾರ್ಯರು ತೊಡೆ ತಟ್ಟಿ ನಕ್ಕರು. ಬಿಸಿನೀರಿನ ಚೀಲ ಕೆಳಗೆ ಬಿತ್ತು. "ಇದನ್ನ ಕೇಳಬೇಕಂತೇ ಇಷ್ಟು ಮೆಟ್ಟಲಾ ಹತ್ತಿ ಬಂದೆ! ನೀವು ಬರದಿದ್ರ ನಾ ಗ್ವಾಡಿಗೆ ಕಥಿ ಹೇಳಿದಂಗ ಆಗ್ತದ. ಸಮಿತಿಯವರಿಗೆ ನಾ ಹೇಳೀನಿ, ಬಾಯಾರು ಇಲ್ಲಂದ್ರ ನಾನೂ ಊರಿಗೆ ಹೊಂಟೆ ಅಂತ. ನಾಳೆ ಅಭಿಮನ್ಯು. ಬರಬೇಕು ನೀವು."

ಮಾವಶಿಯ ಗೆಲುವು ಅಲ್ಲಿಗೆ ಇಳಿಯಿತು. "ನಾಡದು ಬರ್ತೀನ್ರಿ. ನಾಳೆ ಒಂದು ಬ್ಯಾಡ. ಅವನ ಕಥಿ ನಾ ಯಾವತ್ತೂ ಕೇಳೂದಿಲ್ಲ."

"ಯಾಕ್ರಿ?"

"ಆ ವಯಸ್ಸಿನ ಹುಡುಗರನ್ನ ಭಾಳ ಮಂದೀನ್ನ ಕಳಿಸೀನ್ರಿ ನಾ" ಎಂದರು ಮಾವಶಿ. "ಮೋಟರ್‌ಸೈಕಲ್ ಮ್ಯಾಲಿಂದ ಬಿದ್ದವ್ರು, ಮೈಮ್ಯಾಲೆ ಗ್ವಾಡಿ ಕುಸಿದವ್ರು, ಮೀಸಿ ಇನ್ನೂ ಮೂಡಿರೂದಿಲ್ಲ. ಡಾಕ್ಟರು ಕೈ ತೊಳ್ಕೊಂಡು ಹೋಗ್ತಾರ. ತಾಯಿ ಓಡಿ ಬರೂತನಾ ಅವನ ಕೂದಲಾ ಬಾಚಿ, ಮುಖಾ ಒರಿಸಿ, ತಯಾರ ಮಾಡಿ ಇಡಾಕಿ ನಾನು. ನೀವು ಅವಂಗ ಒಳಗ ಹೋಗೂದು ಗೊತ್ತಿತ್ತು, ಹೊರಗ ಬರೂದು ಗೊತ್ತಿರಲಿಲ್ಲ ಅಂತ ಹೇಳ್ತೀರಿ. ಕಳಿಸಿದ ದೊಡ್ಡವರಿಗೆ ಗೊತ್ತಿತ್ತಲ್ರಿ, ಅವಂಗ ಗೊತ್ತಿಲ್ಲಂತ?"

ನಾನು ಚಹಾದ ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಆಚಾರ್ಯರು ಕೆಳಗೆ ಬಿದ್ದಿದ್ದ ಬಿಸಿನೀರಿನ ಚೀಲವನ್ನು ಎತ್ತಿ ಪಕ್ಕಕ್ಕಿಟ್ಟರು. ಚಹಾ ಕುಡಿದು, ಎದ್ದು, ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತು, "ನಾಳೆ ಬರ್ರಿ ಬಾಯೀರ" ಎಂದಷ್ಟೇ ಹೇಳಿ ಇಳಿದರು. ಇಳಿಯುವಾಗ ಒಂದು ದೇವರ ಹೆಸರನ್ನೂ ಹೇಳಲಿಲ್ಲ.

ಮರುದಿನ ಅಭಿಮನ್ಯುವಿನ ಕಥೆಗೇ ಮಾವಶಿ ಬಂದರು. ಪುರಾಣ ಶುರುವಾದ ಮೇಲೆ, ಛತ್ರಿ ಮಡಚಿ, ಕಂಬಕ್ಕೆ ಒರಗಿ ಕುಳಿತರು. ಸಿಸ್ಟರ್ ತಿರುಗಿ ಬರುತ್ತಾರಂತೆ ಎಂಬ ಸುದ್ದಿ ಹಬ್ಬಿ, ಸಭೆ ಮೆಟ್ಟಿಲವರೆಗೂ ತುಂಬಿತ್ತು. ಇವತ್ತು ಏನು ಕೇಳುತ್ತಾರೋ ಎಂದು ಮುಖಗಳೆಲ್ಲ ಮೊದಲೇ ನಗಲು ತಯಾರಾಗಿದ್ದವು. ಆಚಾರ್ಯರು ಚಕ್ರವ್ಯೂಹವನ್ನು ಬೇಗನೆ ಮುಗಿಸಿದರು. ಆರು ಜನ ಸೇರಿ ಹೊಡೆದದ್ದನ್ನು ಎರಡೇ ಮಾತಿನಲ್ಲಿ ಹೇಳಿದರು. ಆಮೇಲೆ ಸಂಜೆಯ ಬಿಡಾರಕ್ಕೆ ಬಂದರು. ಅಲ್ಲಿ ಧರ್ಮರಾಜ ನೆಲ ನೋಡುತ್ತ ಕುಳಿತಿದ್ದಾನೆ. "ಹೋಗು ಅಂತ ಹೇಳಿದವನು ನಾನೇ" ಎನ್ನುತ್ತಿದ್ದಾನೆ. ದೊಡ್ಡ ದೊಡ್ಡ ವೀರರು ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ತಾಯಿಗೆ ಯಾರು ಹೇಳಬೇಕು ಎನ್ನುವುದು ಯಾರಿಗೂ ತಿಳಿಯುತ್ತಿಲ್ಲ. ಇದನ್ನು ಆಚಾರ್ಯರು ಅಲಂಕಾರವಿಲ್ಲದೆ, ನಮ್ಮ ನೆರೆಮನೆಯಲ್ಲಿ ನಡೆದದ್ದನ್ನು ಹೇಳುವ ಹಾಗೆ ಹೇಳಿದರು. ಕೊನೆಗೆ ಸುಭದ್ರೆ ಬಂದು ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ನಗಲು ಬಂದವರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು. ಮಾವಶಿ ನನ್ನ ಕಿವಿಗೆ ಬಾಗಿದರು.

"ಸುಭದ್ರಾಗ ಯಾರರ ಒಂದು ಕಪ್ಪ ಚಹಾ ಕೊಟ್ರಿಲ್ಲೋ?"

ಎಲ್ಲರಿಗೂ ಕೇಳಿತು. ಆಚಾರ್ಯರು ಮಾವಶಿಯ ಮುಖವನ್ನೇ ನೋಡಿದರು.

"ಕೊಟ್ರು ಬಾಯೀರ. ದ್ರೌಪದಿ ಕೊಟ್ಟಳು."

"ಸಕ್ಕರಿ ಜಾಸ್ತಿ ಹಾಕಿ?"

"ಜಾಸ್ತಿ ಹಾಕಿ."

"ಹೂಂ" ಎಂದು ಮಾವಶಿ ಮತ್ತೆ ಕಂಬಕ್ಕೆ ಒರಗಿದರು. ಅವತ್ತು ಪ್ರಸಾದದ ಜೊತೆಗೆ ಬಾಪೂರಾವ್ ಕಾಕಾ, ಯಾರೂ ಹೇಳದಿದ್ದರೂ, ಎದುರಿನ ಹೋಟೆಲಿನಿಂದ ಎಲ್ಲರಿಗೂ ಚಹಾ ತರಿಸಿದರು. ಪ್ರಸಾದ ಮಾಡಿಸಿದ್ದ ಆ ವ್ಯಾಪಾರಿಗಳೂ ಬಂದಿದ್ದರು. ಅವರು ತಮ್ಮ ಕಪ್ಪನ್ನು ತಂದು ಮಾವಶಿಯ ಕೈಗೆ ಕೊಟ್ಟು, ತಮ್ಮ ತಂದೆಗೂ ಕೊನೆಯ ದಿನಗಳಲ್ಲಿ ಬೆನ್ನೆಲ್ಲ ಹುಣ್ಣಾಗಿತ್ತು ಎಂದರು. ಮಾವಶಿ ಅವರನ್ನು ಪಕ್ಕಕ್ಕೆ ಕೂಡಿಸಿಕೊಂಡು ಬಹಳ ಹೊತ್ತು ಮಾತಾಡಿದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಎಲ್ಲ ಚದುರಿತು. ಆಚಾರ್ಯರು ಪ್ರಯಾಣ ಮಾಡಲಾರದಾದರು. ನಮ್ಮ ಕಟ್ಟಡವನ್ನು ಬಿಲ್ಡರ್ ಕೊಂಡ. ನಾವು ಪಿಂಪರಿ ಕಡೆ ಮನೆ ಮಾಡಿದೆವು. ಮಾವಶಿಯನ್ನು ಅವರ ತಮ್ಮನ ಮಗಳು ಲೋಣಾವಳಾಕ್ಕೆ ಕರೆದುಕೊಂಡು ಹೋದಳು. ಅವಳ ಗಂಡನಿಗೆ ಅಲ್ಲಿ ಬೆಲ್ಲ, ಶೇಂಗಾದ ಚಿಕ್ಕಿಯ ಅಂಗಡಿ. ನಾನು ಆಗಾಗ ಲೋಕಲ್ ರೈಲು ಹಿಡಿದು ಹೋಗಿ ನೋಡಿ ಬರುತ್ತಿದ್ದೆ. ಸಕ್ಕರೆ ಕಾಯಿಲೆಯ ಅಪಾಯಗಳನ್ನು ಅಂಗಡಿಗೆ ಬಂದ ಗಿರಾಕಿಗಳಿಗೆ ಬಿಡಿಸಿ ಹೇಳಿದ್ದರಿಂದ ಮಾವಶಿಯನ್ನು ಗಲ್ಲಾಪೆಟ್ಟಿಗೆಯ ಹತ್ತಿರ ಕೂಡಿಸುವುದನ್ನು ಬಿಟ್ಟಿದ್ದಾರೆಂದು ಒಂದು ಸಲ ಗೊತ್ತಾಯಿತು.

ಕೊನೆಯ ಸಲ ಹೋದಾಗ ಮಳೆ ಹಿಡಿದುಕೊಂಡಿತ್ತು. ಮಾವಶಿ ಮಂಚ ಹಿಡಿದು ಕೆಲವು ತಿಂಗಳಾಗಿತ್ತು. ಮೈ ಕರಗಿ ಸಣ್ಣ ಹುಡುಗಿಯಂತಾಗಿದ್ದರು. "ಇಲ್ಲಿ ಪುರಾಣಾ ಹೇಳವ್ರು ಯಾರೂ ಇಲ್ಲವಾ. ಒಂದು ಕಥಿ ಹೇಳು" ಎಂದರು. ನನಗೆ ಹೇಳಲು ಬರುವುದಿಲ್ಲ ಎಂದರೆ ಕೇಳಲಿಲ್ಲ. ಆಚಾರ್ಯರ ಬಾಯಲ್ಲಿ ಕೇಳಿದ್ದ ಗರುಡನ ಕಥೆಯನ್ನು ಶುರು ಮಾಡಿದೆ. ತಾಯಿಯನ್ನು ದಾಸ್ಯದಿಂದ ಬಿಡಿಸಲು ಅಮೃತ ತರಬೇಕೆಂದು ಗರುಡ ಹೊರಟಿದ್ದಾನೆ. ಹೊಟ್ಟೆ ಹಸಿದಿದೆ. ಒಂದು ಆನೆಯನ್ನೂ ಒಂದು ಆಮೆಯನ್ನೂ ಉಗುರಲ್ಲಿ ಹಿಡಿದುಕೊಂಡು, ತಿನ್ನಲು ದೊಡ್ಡ ಆಲದ ಮರದ ಮೇಲೆ ಕೂಡುತ್ತಾನೆ. ಟೊಂಗೆ ಮುರಿಯುತ್ತದೆ. ನೋಡಿದರೆ ಆ ಟೊಂಗೆಗೆ ಹೆಬ್ಬೆರಳಿನಷ್ಟು ಗಾತ್ರದ ಋಷಿಗಳು ತಲೆಕೆಳಗಾಗಿ ಜೋತುಬಿದ್ದು ತಪಸ್ಸು ಮಾಡುತ್ತಿದ್ದಾರೆ.

"ಅಯ್ಯ! ಬೀಳಿಸಿದನೇನು?" ಮಾವಶಿ ತಲೆ ಎತ್ತಿದರು.

"ಇಲ್ಲ ಮಾವಶಿ. ಟೊಂಗೀನ್ನ ಕೊಕ್ಕಿನಾಗ ಹಿಡಕೊಂಡ. ಉಗುರಾಗ ಆನೆ, ಆಮೆ. ಅವರಿಗೆ ಪೆಟ್ಟಾಗಬಾರದು ಅಂತ, ಮೆಲ್ಲಕ ಇಳಿಸಲಿಕ್ಕೆ ಜಾಗಾ ಹುಡುಕ್ಕೋತ ಹಾರಲಿಕ್ಕತ್ತಾನ."

"ಹೊಟ್ಟಿ ಹಸದದ ಅಂದಿ."

"ಹಸದದ. ಆದ್ರೂ ಮೊದಲ ಅವರನ್ನ ಇಳಿಸಬೇಕು."

ಮಾವಶಿ ದಿಂಬಿಗೆ ತಲೆ ಇಟ್ಟು ಕಣ್ಣು ಮುಚ್ಚಿದರು. "ಇಂವ ಶಾಣ್ಯಾ ಇದ್ದಾನ ನೋಡು" ಎಂದರು. ಅಷ್ಟು ವರ್ಷಗಳಲ್ಲಿ ಒಬ್ಬ ವೀರನನ್ನು ಅವರು ಜಾಣನೆಂದದ್ದನ್ನು ನಾನು ಕೇಳಿರಲಿಲ್ಲ. ಅಷ್ಟರಲ್ಲಿ ತಮ್ಮನ ಮಗಳು ಬಂದು, ಮಳೆ ಹೆಚ್ಚಾಗುತ್ತಿದೆ, ಈ ಲೋಕಲ್ ತಪ್ಪಿದರೆ ಮುಂದಿನದು ಯಾವಾಗಲೋ ಎಂದಳು. ನಾನು ಎದ್ದೆ. ಮಾವಶಿ ಕಣ್ಣು ತೆರೆಯದೆ, "ಹೋಗಿ ಬಾ. ಎಲ್ಲಿ ಇಳಿಸಿದಾ ಅಂತ ಬಂದ ಮ್ಯಾಲೆ ಹೇಳು" ಎಂದರು.

ಮುಂದಿನ ವಾರವೇ ಹೋಗಬೇಕೆಂದಿದ್ದೆ. ಮಳೆಗೆ ಘಾಟಿನಲ್ಲಿ ಮಣ್ಣು ಕುಸಿದು ರೈಲುಗಳು ನಿಂತವು. ರೈಲು ಶುರುವಾಗುವ ಮೊದಲೇ ತಮ್ಮನ ಮಗಳ ಫೋನು ಬಂತು.

ಗರುಡ ಆ ಟೊಂಗೆಯನ್ನು ಯಾರೂ ಇಲ್ಲದ ಒಂದು ಹಿಮದ ಬೆಟ್ಟದ ಮೇಲೆ ಇಳಿಸಿದನಂತೆ, ಮಾವಶಿ. ಋಷಿಗಳು ಅದಕ್ಕೆ ಮೊದಲೇ ತಾವಾಗಿ ಇಳಿದು ಹೋಗಿದ್ದರಂತೆ. ಒಬ್ಬರಿಗೂ ಪೆಟ್ಟಾಗಲಿಲ್ಲವಂತೆ.